ಓದುವವಳ ಡಬ್ಬ

ನನ್ನ ಅತ್ತಿಗೆ ರುದ್ರಾಣಿಗೆ ಒಂದು ಚಾಳಿಯಿತ್ತು. ಓದುವಾಗ ಗೊತ್ತಿಲ್ಲದ ಪದ ಎದುರಾದರೆ ಅಲ್ಲೇ ನಿಂತುಬಿಡುತ್ತಿದ್ದಳು. ಮುಂದಿನ ಸಾಲಿನ ಮಾತು ಹಾಗಿರಲಿ, ಉಸಿರನ್ನೂ ಬಿಡುತ್ತಿರಲಿಲ್ಲ. ಜಗಳೂರಿನ ಕಡೆ ಅವಳು ಏಳನೇ ಕ್ಲಾಸು ಓದುವಾಗ ಒಬ್ಬ ಮೇಷ್ಟ್ರಿದ್ದರಂತೆ. ಕಷ್ಟದ ಪದಕ್ಕೆಲ್ಲ ಕೆಳಗೆ ಗೆರೆ ಎಳೆಸುವುದು, ಅದರ ಅರ್ಥ ಹೇಳದೆ ಮುಂದಕ್ಕೆ ಓದಿದವರ ಬೆರಳ ಗೆಣ್ಣಿಗೆ ಬಾರಿಸುವುದು, ಇದು ಅವರ ಪಾಠದ ಕ್ರಮ. ಆ ಮೇಷ್ಟ್ರನ್ನು ನಾನು ನೋಡಿಲ್ಲ. ನೋಡಿದ್ದರೆ ಎರಡು ಮಾತು ಕೇಳದೆ ಬಿಡುತ್ತಿರಲಿಲ್ಲ.

ನಾನು ಪ್ರೇಮಮ್ಮ, ಬಸವಾಪಟ್ಟಣದವಳು. ಹೊನ್ನಾಳಿಯ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಎಸ್ಸೆಸ್ಸೆಲ್ಸಿಗೆ ಕಟ್ಟಿ, ಗಣಿತದಲ್ಲಿ ಡುಮ್ಕಿ ಹೊಡೆದು, 1981ರಲ್ಲಿ ಮನೆಗೆ ವಾಪಸು ಬಂದೆ. ಬಂದ ತಿಂಗಳಲ್ಲೇ ಅಣ್ಣ ಮಹೇಶ್ವರಪ್ಪ ಕಾಮಾಲೆಯಾಗಿ ತೀರಿಕೊಂಡ. ಅವನ ವಿಷಯ ಹೆಚ್ಚು ಬರೆಯುವುದಿಲ್ಲ, ಬರೆಯಲು ಕೂತರೆ ಈಗಲೂ ಕೈ ಓಡುವುದಿಲ್ಲ. ಮನೆಯಲ್ಲಿ ಉಳಿದದ್ದು ಅಪ್ಪ, ಅವ್ವ, ಫೇಲಾದ ನಾನು, ಗಂಡ ಸತ್ತ ಅತ್ತಿಗೆ, ಮೂರು ವರ್ಷದ ಅವಳ ಮಗಳು ಹಾಲಮ್ಮ. ಅತ್ತಿಗೆಯೂ ನಾನೂ ಒಂದೇ ಒಲೆಯ ಮುಂದೆ ಕೂತು, ಒಬ್ಬರ ಮುಖ ಒಬ್ಬರು ನೋಡಿಕೊಂಡು ಆ ವರ್ಷ ಕಳೆದೆವು.

ವರ್ಷ ತುಂಬುತ್ತಲೇ ಅವಳ ಅಣ್ಣ ವಿರೂಪಾಕ್ಷಪ್ಪ ಜಗಳೂರಿನಿಂದ ಬಂದರು. ಅಲ್ಲಿ ಅವರದು ಹಿಟ್ಟಿನ ಗಿರಣಿ. ಹೆಂಡತಿಗೆ ಸೊಂಟನೋವು, ಮನೆ ತುಂಬ ಉಣ್ಣುವ ಬಾಯಿಗಳು. ಕೆಟ್ಟವರಲ್ಲ, ತಮ್ಮ ಅನುಕೂಲ ಚೆನ್ನಾಗಿ ತಿಳಿದವರು.

"ತಂಗಿ ಇಲ್ಲಿ ಯಾರ ಮುಖ ನೋಡ್ಕೊಂಡು ಇರ್ಬೇಕು ಬೀಗರೆ? ನಮ್ಮನೇಗೆ ಬರ್ಲಿ. ಅಡಿಗೆ ಮಾಡ್ಕೊಂಡು, ಉಂಡ್ಕೊಂಡು ಇರ್ತಾಳೆ" ಎಂದರು.

"ಒಡಹುಟ್ಟಿದೋರು ಕರದ್ರೆ ಬ್ಯಾಡ ಅನ್ನಾಕೆ ನಾನ್ಯಾರು?" ಎಂದರು ಅಪ್ಪ. "ಆದ್ರೆ ಮೊಮ್ಮಗಳು ನಮ್ಮನೇದು. ನನ್ನ ಮಗನದು ಅಂತ ಉಳಿದಿರೋದು ಅದೊಂದೇ. ಅದು ಇಲ್ಲೇ ಇರ್ಲಿ."

"ಆಗ್ಲಿ ಬಿಡ್ರಿ" ಎಂದರು ವಿರೂಪಾಕ್ಷಪ್ಪ.

ಹೀಗೆ ಇಬ್ಬರು ಗಂಡಸರು ಬಹಳ ಮರ್ಯಾದೆಯಿಂದ, ಕಾಫಿ ಕುಡಿಯುತ್ತ, ತಾಯಿ ಮಗಳನ್ನು ಪಾಲು ಮಾಡಿಕೊಂಡರು. ಅಡಿಕೆ ಸುಗ್ಗಿ ಮುಗಿದ ಮೇಲೆ ಕರೆದುಕೊಂಡು ಹೋಗುವುದು ಎಂದು ಮಾತಾಯಿತು. ಅತ್ತಿಗೆಯನ್ನು ಯಾರೂ ಕೇಳಲಿಲ್ಲ. ಹಾಲಮ್ಮ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವತ್ತು ಹಿಡಿದ ತನ್ನ ಅವ್ವನ ಸೆರಗನ್ನು ಆಮೇಲೆ ಬಿಡಲೇ ಇಲ್ಲ. ನೀರಿಗೆ ಹೋದರೆ ನೀರಿಗೆ, ಕೊಟ್ಟಿಗೆಗೆ ಹೋದರೆ ಕೊಟ್ಟಿಗೆಗೆ. ಮಲಗಿದಾಗಲೂ ಸೆರಗಿನ ತುದಿ ಅವಳ ಮುಷ್ಟಿಯಲ್ಲೇ ಇರುತ್ತಿತ್ತು.

ಇದಕ್ಕೆಲ್ಲ ಒಂದೇ ಒಂದು ದಾರಿಯಿತ್ತು. ನಮ್ಮೂರಿಗೆ ಎರಡನೇ ಅಂಗನವಾಡಿ ಬರುತ್ತದೆ ಎಂಬ ಸುದ್ದಿ. ಏಳನೇ ಕ್ಲಾಸು ಪಾಸಾದವರು ಸಾಕು, ಊರಿನ ಸೊಸೆಯಾದರೆ ಇನ್ನೂ ಒಳ್ಳೆಯದು. ಸರ್ಕಾರದ ಕೆಲಸ ಬಿಟ್ಟು ಬಂದು ನನ್ನ ಮನೆ ಒಲೆ ಊದು ಎಂದು ಯಾವ ಅಣ್ಣನೂ ಕರೆಯುವುದಿಲ್ಲ. ಕರೆದರೆ ಊರೇ ಬೈಯುತ್ತದೆ. ಆದರೆ ಮೊದಲನೇ ಅಂಗನವಾಡಿ ಆದಾಗ ಅತ್ತಿಗೆ ಚನ್ನಗಿರಿಗೆ ಹೋಗಿ ಸೋತು ಬಂದಿದ್ದಳು. ಅಲ್ಲಿ ಪ್ರಶ್ನೆಪತ್ರಿಕೆ ಇರಲಿಲ್ಲ. ಅಕ್ಕಪಕ್ಕದ ಮಕ್ಕಳನ್ನು ಜಮಖಾನೆಯ ಮೇಲೆ ಕೂರಿಸಿ, ಯಾವುದೋ ಕತೆಪುಸ್ತಕ ಕೈಗೆ ಕೊಟ್ಟು, ಮಕ್ಕಳಿಗೆ ಓದಿ ಹೇಳಿ ಎಂದಿದ್ದರು. ಎರಡನೇ ಸಾಲಿನಲ್ಲೇ ಒಂದು ಗೊತ್ತಿಲ್ಲದ ಪದ. ಅತ್ತಿಗೆ ನಿಂತಳು. ಮಕ್ಕಳು ಕಿಟಕಿಯ ಕಡೆ ತಿರುಗಿದವು. ಅಲ್ಲಿದ್ದ ಮೇಡಂ ಸ್ವಲ್ಪ ಹೊತ್ತು ಕಾದು, "ಸಾಕಮ್ಮ, ಕೂತ್ಕೊಳ್ಳಿ" ಎಂದರು. ಬಸ್ಸು ಇಳಿಯುವಾಗ ಅತ್ತಿಗೆ ಜೊತೆಗೆ ಹೋಗಿದ್ದ ನನಗೆ, "ಅದೇನು ಪದ ಅಂತ ಈಗ್ಲೂ ಗೊತ್ತಿಲ್ಲ ಪ್ರೇಮಾ" ಎಂದಳು.

ಇನ್ನೊಂದು ಸಲ ಕರೆದರೂ ಅದೇ ಆಗುತ್ತದೆ ಎಂದು ನನಗೆ ಅನುಮಾನವೇ ಇರಲಿಲ್ಲ. ಅದನ್ನು ತಪ್ಪಿಸಿದ್ದು ನಾನಲ್ಲ, ಅಡಿಕೆ ಸುಲಿಯುವ ಹೆಂಗಸರು.

ಆ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಸುಗ್ಗಿಯಲ್ಲಿ ಕೊಯ್ದ ಹಸಿ ಅಡಿಕೆಯನ್ನು ಅವತ್ತವತ್ತೇ ಸುಲಿಯಬೇಕು. ಮುರುಗೇಶಪ್ಪ ಎಂಬುವರು ತೋಟಗಳ ಫಸಲು ಗುತ್ತಿಗೆ ಹಿಡಿದು ತಮ್ಮ ಕಣದಲ್ಲಿ ಸುಲಿಸುತ್ತಿದ್ದರು. ಮಧ್ಯಾಹ್ನದ ಊಟ ಮುಗಿಸಿ ನಾವು ಹತ್ತಿಪ್ಪತ್ತು ಹೆಂಗಸರು ಕತ್ತಿ ಇಟ್ಟುಕೊಂಡು ಸಾಲಾಗಿ ಕೂರುತ್ತಿದ್ದೆವು. ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ಡಬ್ಬ, ತುಂಬಿದ ಡಬ್ಬದ ಲೆಕ್ಕಕ್ಕೆ ಕೂಲಿ. ಕೈಗೆ ಕೆಲಸ, ಬಾಯಿಗೆ ಇಲ್ಲ, ಕಿವಿಗೂ ಇಲ್ಲ. ಅದಕ್ಕೆ ಕತೆ ಹೇಳಲು ಒಬ್ಬಳು. ಕತೆ ಹೇಳುವವಳು ಅಡಿಕೆ ಮುಟ್ಟುವ ಹಾಗಿಲ್ಲ. ಅವಳ ಡಬ್ಬವನ್ನು ನಡುವೆ ಇಟ್ಟರೆ ಉಳಿದವರೆಲ್ಲ ಆಗಾಗ ತಮ್ಮ ಪಾಲಿನಿಂದ ಒಂದೊಂದು ಹಿಡಿ ತೆಗೆದು ಅದಕ್ಕೆ ಹಾಕುತ್ತಿದ್ದರು. ಷರತ್ತು ಒಂದೇ. ಕತೆ ನಿಲ್ಲಬಾರದು. ಬಾಯಿ ನಿಂತರೆ ಹಿಡಿಯೂ ನಿಲ್ಲುತ್ತಿತ್ತು.

ಎಷ್ಟೋ ವರ್ಷದಿಂದ ಕತೆ ಹೇಳುತ್ತಿದ್ದವಳು ಕಲ್ಲಮ್ಮಜ್ಜಿ. ಆ ಸಲ ಅಜ್ಜಿಗೆ ಕೆಮ್ಮು ಹಿಡಿದು, ಗಂಟಲು ಕಟ್ಟಿ, ರಾಜಕುಮಾರ ಕಾಡಿಗೆ ಹೋಗುವ ಮೊದಲೇ ಕತೆ ನಿಲ್ಲತೊಡಗಿತು. "ಪ್ರೇಮಾ, ನೀನು ಓದಿದೋಳು, ಏನಾರ ಓದಿ ಹೇಳೇ" ಎಂದರು. ಹೊನ್ನಾಳಿಯಿಂದ ಬರುವಾಗ ನನ್ನ ಟ್ರಂಕಿನಲ್ಲಿ ಒಂದು ಮಕ್ಕಳ ಕಾದಂಬರಿ ಬಂದಿತ್ತು. ರಟ್ಟು ಹರಿದುಹೋಗಿ ಅದರ ಹೆಸರೂ ಗೊತ್ತಿರಲಿಲ್ಲ. ಸಮುದ್ರದ ದಂಡೆಯ ತಾರಾ ಎಂಬ ಹುಡುಗಿ, ಮೀನು ಹಿಡಿಯಲು ಹೋಗಿ ವಾಪಸು ಬಾರದ ತಾತನನ್ನು ಹುಡುಕಿಕೊಂಡು ದೋಣಿಯಲ್ಲಿ ಹೊರಡುವ ಕತೆ. ನನಗೆ ಬೇಗ ಸುಲಿಯಲು ಬರುತ್ತಿತ್ತು, ಕೂತು ಓದುವ ತಾಳ್ಮೆ ಇರಲಿಲ್ಲ. "ನಮ್ಮತ್ತಿಗೆ ಓದ್ತಾಳೆ ಬಿಡ್ರಿ" ಎಂದು ಪುಸ್ತಕ ಅವಳ ತೊಡೆಯ ಮೇಲೆ ಹಾಕಿದೆ. ಅವಳು ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದಳು.

ಮೊದಲ ಪುಟದಲ್ಲೇ ಅವಳ ಶತ್ರು ಕಾದಿತ್ತು. "ತಾರಾ ಹಾಯಿ ಬಿಚ್ಚಿದಳು. ದೋಣಿ ಹೊರಟಿತು."

ಹಾಯಿ ಎಂದರೇನು? ನಮಗೆ ಗೊತ್ತಿದ್ದ ದೋಣಿ ಎಂದರೆ ಹೊನ್ನಾಳಿಯ ಹೊಳೆಯ ತೆಪ್ಪ. ಅದಕ್ಕೆ ಒಂದು ಹುಟ್ಟು, ಒಬ್ಬ ಅಂಬಿಗ, ಅಷ್ಟೇ. ಜಗಳೂರಿನ ಮಗಳಾದ ಅತ್ತಿಗೆ ಅದನ್ನೂ ದೂರದಿಂದಲೇ ನೋಡಿದವಳು. ಅವಳು ನಿಂತಳು. ಬೆರಳು ಆ ಪದದ ಮೇಲೆ, ಕಣ್ಣು ನನ್ನ ಮೇಲೆ. ನನಗೂ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಅಡಿಕೆ ನೋಡಿಕೊಂಡು ಕೂತೆ. ಸುತ್ತಲೂ ಕತ್ತಿಯ ಸದ್ದು ಮಾತ್ರ. ಅವಳ ಡಬ್ಬಕ್ಕೆ ಒಂದು ಹಿಡಿಯೂ ಬೀಳಲಿಲ್ಲ.

"ಯಾಕವ್ವಾ ನಿಂತೆ?" ಎಂದಳು ಕಲ್ಲಮ್ಮಜ್ಜಿ.

"ಒಂದು ಪದ ಗೊತ್ತಾಗ್ತಿಲ್ಲ ಅಜ್ಜಿ. ಹಾಯಿ ಅಂತ."

"ಗೊತ್ತಾಗ್ದಿದ್ರೆ ಏನಾತು? ನಾನು ಹೇಳೋ ಕತೇಲಿ ನಿಂಗೆಲ್ಲಾ ಗೊತ್ತಾಗ್ತಿತ್ತೇನು? ಮುಂದಕ್ಕೆ ಹೋಗು. ಹೊಸ ಸೊಸೆ ಬಂದಂಗೆ ಅದು. ಬಂದ ದಿನ ಏನ್ ಗೊತ್ತಾಗ್ತೈತೆ? ನಾಕು ದಿನ ಮನೇಲಿ ಓಡಾಡ್ಲಿ, ತಾನೇ ಗೊತ್ತಾಗ್ತೈತೆ."

ಆಚೆ ಸಾಲಿನಲ್ಲಿ ಕೂತಿದ್ದ ಅಂಜಿನಮ್ಮ ತಲೆ ಎತ್ತದೆ ಹೇಳಿದಳು, "ಹಗ್ಗ ಇರ್ಬೇಕು ರುದ್ರಾಣಕ್ಕ. ಎತ್ತಿನ ಹಗ್ಗ ಬಿಚ್ಚಿದ್ರೆ ಗಾಡಿ ಕಟ್ಟಬೋದು, ಹಂಗೆ ದೋಣೀದು." ಆಚೆ ಸಾಲು ಎಂದರೆ ಅವರ ಕೇರಿಯವರು ಕೂರುತ್ತಿದ್ದ ಸಾಲು. ಒಂದೇ ಅಡಿಕೆ, ಒಂದೇ ಕಣ, ಸಾಲು ಮಾತ್ರ ಬೇರೆ. ನಮ್ಮ ಊರಿನ ದೊಡ್ಡತನ ಅಷ್ಟಿತ್ತು. ಆದರೆ ಕತೆಯ ವಿಷಯದಲ್ಲಿ ಅಂಜಿನಮ್ಮನ ಮಾತು ತೆಗೆದುಹಾಕುವ ಧೈರ್ಯ ಯಾರಿಗೂ ಇರಲಿಲ್ಲ, ಅಷ್ಟು ಕಿವಿಗೊಟ್ಟು ಕೇಳುವವಳು ಅವಳೊಬ್ಬಳೇ. ಹಗ್ಗ ಎಂದು ಒಪ್ಪಿಕೊಂಡೆವು. ಅತ್ತಿಗೆ ಹೆದರುತ್ತಲೇ ಮುಂದಿನ ಸಾಲಿಗೆ ಹೋದಳು. ಡಬ್ಬಕ್ಕೆ ಹಿಡಿ ಬಿತ್ತು.

ಎರಡು ದಿನ ಹಾಯಿ ಹಗ್ಗವಾಗಿಯೇ ಇತ್ತು. ಮೂರನೇ ದಿನ, "ಹಾಯಿ ಗಾಳಿ ತುಂಬಿಕೊಂಡು ಉಬ್ಬಿತು" ಎಂದು ಬಂತು. ಕತ್ತಿಗಳೆಲ್ಲ ಒಮ್ಮೆಗೇ ನಿಂತವು.

"ಹಗ್ಗ ಉಬ್ತೈತೇನೇ ಅಂಜಿ?" ಎಂದಳು ಕಲ್ಲಮ್ಮಜ್ಜಿ. ಕೆಮ್ಮಿನ ನಡುವೆಯೂ ನಗು.

"ನನ್ ಹಗ್ಗ ವಾಪಸ್ ತಗಂಡೆ ಕಣಜ್ಜಿ" ಎಂದಳು ಅಂಜಿನಮ್ಮ. "ಓದ್ರಿ ಅಕ್ಕ, ಓದ್ರಿ, ಏನಂತ ನೋಡಾನ."

ಒಬ್ಬಳು ಚರ್ಮದ ಚೀಲ ಎಂದಳು, ಇನ್ನೊಬ್ಬಳು ಬಲೂನು ಎಂದಳು. ಅತ್ತಿಗೆ ಅವತ್ತು ನಕ್ಕಳು. ಅಣ್ಣ ಹೋದ ಮೇಲೆ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ತಪ್ಪು ಊಹೆಗೆ ಇಲ್ಲಿ ಯಾರೂ ಗೆಣ್ಣಿಗೆ ಬಾರಿಸುತ್ತಿರಲಿಲ್ಲ. ನಕ್ಕು, ಒಂದು ಹಿಡಿ ಹಾಕಿ, ಮುಂದೇನು ಎಂದು ಕೇಳುತ್ತಿದ್ದರು.

ಅದಾದ ವಾರದಲ್ಲೇ ಒಂದು ಮಧ್ಯಾಹ್ನ ಮೋಡ ಕವಿದು ಗಾಳಿ ಎದ್ದಿತು. ಕಣದಲ್ಲಿ ಬೇಯಿಸಿದ ಅಡಿಕೆ ಒಣಗಲು ಹರವಿತ್ತು. ಮುರುಗೇಶಪ್ಪನವರು ಪಂಚೆ ಎತ್ತಿಕಟ್ಟಿ, "ತಾಡಪಾಲು ಹಿಡೀರಿ, ತಾಡಪಾಲು ಹಿಡೀರಿ" ಎಂದು ಕೂಗಾಡಿದರು. ನಾವೆಲ್ಲ ಎದ್ದು ಒಂದೊಂದು ಕಡೆ ಹಿಡಿದೆವು. ಬಿಚ್ಚುವಷ್ಟರಲ್ಲಿ ಗಾಳಿ ಒಳಗೆ ನುಗ್ಗಿ ತಾಡಪಾಲು ಹೊಟ್ಟೆ ಬಂದ ಹಾಗೆ ಉಬ್ಬಿತು. ಎರಡು ಮೂಲೆ ಹಿಡಿದಿದ್ದವರು ಕೈಬಿಟ್ಟರು. ಒಂದು ಮೂಲೆಯಲ್ಲಿ ಅಂಜಿನಮ್ಮ, ಇನ್ನೊಂದರಲ್ಲಿ ಅತ್ತಿಗೆ, ಅವಳ ಸೆರಗಿಗೆ ಹಾಲಮ್ಮ. ಗಾಳಿ ಮೂವರನ್ನೂ ಕಣದ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಯಿತು. ಮುರುಗೇಶಪ್ಪನವರು ತಲೆ ಮೇಲೆ ಕೈ ಹೊತ್ತರು. ಬೇಲಿಯ ಹತ್ತಿರ ಬಿದ್ದ ಅಂಜಿನಮ್ಮ ಮೈಗೆಲ್ಲ ಮಣ್ಣು ಮೆತ್ತಿಕೊಂಡು ಎದ್ದು ಕೂಗಿದಳು.

"ಇದೇ ಕಣ್ರೇ ಹಾಯಿ! ಬಟ್ಟೆ! ಗಾಳಿ ತುಂಬ್ಕಂಡು ಎಳೀತೈತೆ ದೋಣೀನ, ನಮ್ಮನ್ನ ಎಳದಂಗೆ!"

ಅತ್ತಿಗೆ ನೆಲದ ಮೇಲೆ ಕೂತೇ, "ಹೌದು ಅಂಜಿನಮ್ಮ, ಬಿಚ್ಚಿದ್ಲು ಅಂದ್ರೆ ಮಡಿಚಿಟ್ಟ ದೋಣಿ ಬಟ್ಟೆ ಬಿಚ್ಚಿದ್ಲು! ಉಬ್ಬಿದ್ದೂ ಸರಿಹೋತು!" ಎಂದಳು. ಅಡಿಕೆ ಅರ್ಧ ನೆನೆಯಿತು. ಮುರುಗೇಶಪ್ಪನವರು ಅವತ್ತು ಬೈದ ಬೈಗುಳದಲ್ಲಿ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ, ಎಲ್ಲ ಚೆನ್ನಾಗಿ ಅರ್ಥವಾದವು. ಮಾರನೇ ದಿನ ಓದಿದ ಪುಟದಲ್ಲಿ ತಾರಾ ಹರಿದ ಹಾಯಿಗೆ ಸೂಜಿ ದಾರ ಹಿಡಿದು ತೇಪೆ ಹಾಕುತ್ತಿದ್ದಳು. ಎರಡೂ ಸಾಲಿನವರು ಹೋ ಎಂದರು.

ಅಲ್ಲಿಂದ ಅವಳಿಗೆ ಪದಗಳ ಭಯ ಬಿಟ್ಟುಹೋಯಿತು. ಲಂಗರು ಬಂತು. ಮೊದಲು ಬೀಗ ಎಂದುಕೊಂಡೆವು, ಆಮೇಲೆ ತಾರಾ ಅದನ್ನು ಕೆಸರಿನಿಂದ ಮೇಲಕ್ಕೆ ಎಳೆದಾಗ ಅದು ದೋಣಿ ನಿಲ್ಲಿಸುವ ಕಬ್ಬಿಣ ಎಂದು ತಿಳಿಯಿತು. ದೀಪಸ್ತಂಭ ಬಂತು. ಗುಡಿಯ ಮುಂದಿನ ಕಲ್ಲಿನ ಕಂಬವೇ ಕಣ್ಣಿಗೆ ಬಂದು, ತಾರಾ ಅದರೊಳಗೆ ಮೆಟ್ಟಿಲು ಹತ್ತಿದಾಗ ಕಲ್ಲಮ್ಮಜ್ಜಿ, "ಕಂಬದೊಳಗೆ ಮನೆ ಕಟ್ಟವ್ರೆ ಸಮುದ್ರದೋರು" ಎಂದು ಆಶ್ಚರ್ಯಪಟ್ಟಳು. ಕತೆ ಮುಗಿಯುವ ಹೊತ್ತಿಗೆ, ಆ ದೀಪ ನೋಡಿಕೊಂಡೇ ತಾತನ ದೋಣಿ ದಡಕ್ಕೆ ಬಂದಾಗ, ಆ ಕಂಬ ಯಾಕಿದೆ ಎಂದು ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ. ತಾತ ಬದುಕಿದ್ದನಲ್ಲ ಎಂದು ಎಲ್ಲರೂ ಉಸಿರು ಬಿಟ್ಟರು. ಅಂಜಿನಮ್ಮ ಓದುವವಳ ಡಬ್ಬಕ್ಕೆ ಎರಡು ಹಿಡಿ ಹಾಕಿದಳು.

ಸುಗ್ಗಿ ಮುಗಿಯುತ್ತ ಬಂದಾಗ ಚನ್ನಗಿರಿಯಿಂದ ಕರೆ ಬಂತು. ಅತ್ತಿಗೆ, ನಾನು, ಸೆರಗು ಬಿಡದ ಹಾಲಮ್ಮ, ಮೂವರೂ ಬಸ್ಸು ಹತ್ತಿದೆವು. ಕಚೇರಿಯ ಹೊರಗೆ ಹಾಲಮ್ಮ ಅವ್ವನನ್ನು ಒಳಗೆ ಬಿಡಲೊಲ್ಲಳು. ಕೊನೆಗೆ ಅವಳ ಮುಷ್ಟಿಗೆ ನನ್ನ ಸೆರಗು ಕೊಟ್ಟು ಪುಸಲಾಯಿಸಿ, ಕಿಟಕಿಯ ಹತ್ತಿರ ನಿಂತೆ. ಅತ್ತಿಗೆಗಿಂತ ಮೊದಲು ಓದಿದವಳು ನ್ಯಾಮತಿ ಕಡೆಯಿಂದ ನಮ್ಮೂರಿಗೆ ಮದುವೆಯಾಗಿ ಬಂದಿದ್ದ ಹುಡುಗಿ. ನೀರು ಕುಡಿದ ಹಾಗೆ ಓದಿದಳು. ಮಕ್ಕಳು ಕೇಳುವ ಮೊದಲೇ ಪ್ರತಿ ಪದಕ್ಕೂ ಅರ್ಥ ಹೇಳಿದಳು. ಮುಗಿಯಿತು, ಜಗಳೂರೇ ಗತಿ ಎಂದುಕೊಂಡೆ.

ಅತ್ತಿಗೆಗೆ ಬೇರೆ ಪುಸ್ತಕ ಕೊಟ್ಟರು. ಗೋಡೆಯ ಮೇಲೆ ಹುಲಿ ಬರೆಯುವ ಒಬ್ಬ ಮುದುಕನ ಕತೆ. "ಮುದುಕ ತನ್ನ ಕುಂಚವನ್ನು ಹುಡುಕಿದ" ಎಂದು ಓದಿದಳು. ಜಮಖಾನೆಯ ಮೇಲಿನ ಒಂದು ಪುಟ್ಟ ಹುಡುಗಿ ತಕ್ಷಣ ಕೇಳಿತು.

"ಕುಂಚ ಅಂದ್ರೇನು?"

ಅತ್ತಿಗೆ ತಲೆ ಎತ್ತಿದಳು. ಅವಳ ಮುಖ ನೋಡಿಯೇ ಗೊತ್ತಾಯಿತು, ಅವಳಿಗೆ ಗೊತ್ತಿಲ್ಲ. ನಾನು ಕಿಟಕಿಯ ಸರಳು ಗಟ್ಟಿಯಾಗಿ ಹಿಡಿದೆ.

"ನಂಗೂ ಗೊತ್ತಿಲ್ಲ ಕಂದ" ಎಂದಳು ಅತ್ತಿಗೆ. "ಏನಿರ್ಬೋದು? ನೀವೇ ಹೇಳ್ರಿ ನೋಡಾನ."

ಮೇಡಂ ಪಕ್ಕದಲ್ಲಿ ಕೂತಿದ್ದ ಗಂಡಸು ಕನ್ನಡಕ ತೆಗೆದು ಇವಳನ್ನು ದಿಟ್ಟಿಸಿದರು. ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬೇಕಿತ್ತೇ, ಏನಾದರೊಂದು ಹೇಳಿ ಸಾಗಹಾಕಬಾರದಿತ್ತೇ ಎಂದು ನನಗೆ ಸಿಟ್ಟು ಬಂತು.

"ಕೂಸಿನ ತಲೆಗೆ ಕಟ್ಟೋ ಕುಂಚಿಗೆ!" ಎಂದಿತು ಒಂದು ಮಗು.

"ಇರ್ಬೋದು. ಮುಂದೆ ನೋಡಾನ." ಅತ್ತಿಗೆ ಓದಿದಳು. "ಕುಂಚವನ್ನು ಕೆಂಪು ಬಣ್ಣದಲ್ಲಿ ಅದ್ದಿದ." ತಲೆ ಎತ್ತಿ ಕೇಳಿದಳು, "ಕೂಸಿನ ಕುಂಚಿಗೇನ ಯಾರಾರ ಬಣ್ಣದಾಗೆ ಅದ್ದುತಾರಾ?"

"ಇಲ್ಲಾ!" ಮಕ್ಕಳೆಲ್ಲ ನಕ್ಕವು. "ಸೌಟು!" ಎಂದಿತು ಇನ್ನೊಂದು.

"ಸೌಟು ಅದ್ದಬೋದು. ಇನ್ನೂ ಮುಂದೆ ನೋಡಾನ." ಮತ್ತೆ ಪುಸ್ತಕಕ್ಕೆ ಬಗ್ಗಿದಳು. "ಕುಂಚದ ಕೂದಲು ಉದುರಿಹೋಗಿದ್ದವು. ಸೌಟಿಗೆ ಕೂದಲು ಇರ್ತಾವಾ?"

ಮಕ್ಕಳು ಜಮಖಾನೆ ಬಿಟ್ಟು ಅವಳ ಹತ್ತಿರಕ್ಕೆ ಜರುಗಿದ್ದವು. ಮೊದಲು ಕೇಳಿದ ಹುಡುಗಿಯೇ ಎದ್ದು ನಿಂತು ಕೂಗಿತು, "ಬ್ರಸ್ಸು! ಸುಣ್ಣ ಹೊಡಿಯೋ ಬ್ರಸ್ಸು!" ಅತ್ತಿಗೆಯೂ ಮಕ್ಕಳ ಜೊತೆ ಚಪ್ಪಾಳೆ ತಟ್ಟಿದಳು. ನಾಟಕ ಆಡಿದ ಚಪ್ಪಾಳೆ ಅಲ್ಲ ಅದು, ಅವಳಿಗೂ ಆಗಲೇ ಗೊತ್ತಾಗಿತ್ತು. ಹುಲಿ ಗೋಡೆಯಿಂದ ಇಳಿದು ಬರುವ ತನಕ ಒಂದು ಮಗುವೂ ಕಿಟಕಿಯ ಕಡೆ ನೋಡಲಿಲ್ಲ.

ಕತೆ ಮುಗಿದ ಮೇಲೆ ಮೇಡಂ ಕೇಳಿದರು, "ಆ ಪದ ನಿಮಗೆ ನಿಜವಾಗಲೂ ಗೊತ್ತಿರಲಿಲ್ಲವೇನಮ್ಮ?"

"ಇಲ್ಲ ಮೇಡಂ."

"ಹೆದರಿಕೆ ಆಗಲಿಲ್ಲವೇ?"

"ಆತು ಮೇಡಂ. ಆದ್ರೆ ನಿಲ್ಸೋ ಹಂಗಿರ್ಲಿಲ್ಲ."

ಮೇಡಂ ಏನೋ ಬರೆದುಕೊಂಡರು. ತಿಳಿಸುತ್ತೇವೆ ಎಂದು ಕಳುಹಿಸಿದರು. ಬಸ್ಸಿನಲ್ಲಿ ನಾನು ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿ ಕೂತೆ. ಅವಳು ಮಾತ್ರ ಹಾಲಮ್ಮನಿಗೆ ಹುಲಿಯ ಕತೆ ಹೇಳುತ್ತಲೇ ಇದ್ದಳು.

ವಾರ ಕಳೆಯಿತು, ಇನ್ನೊಂದು ವಾರವೂ ಕಳೆಯಿತು, ಏನೂ ಬರಲಿಲ್ಲ. ಕಣದಲ್ಲಿ ಸುಲಿಯಲು ಅಡಿಕೆ ಉಳಿದಿರಲಿಲ್ಲ. ಮಾತಾದ ಪ್ರಕಾರ ವಿರೂಪಾಕ್ಷಪ್ಪನವರು ಬಂದರು. ಅತ್ತಿಗೆಯ ಎರಡು ಸೀರೆ, ಅಣ್ಣನ ಫೋಟೊ, ರಟ್ಟಿಲ್ಲದ ಆ ಪುಸ್ತಕ ಎಲ್ಲ ಒಂದು ಕೈಚೀಲಕ್ಕೆ ಹಿಡಿದವು. ಎರಡು ಗಂಟೆಯ ಬಸ್ಸು. ಹಾಲಮ್ಮ ಅಳಲಿಲ್ಲ. ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನಿಂತಿದ್ದಳು. ಅಪ್ಪ ಅವಳ ಕಡೆ ನೋಡಲಾರದೆ ದನಕ್ಕೆ ಹುಲ್ಲು ಹಾಕಲು ಹೋದರು. ಹಾಕಿದ ಹುಲ್ಲಿನ ಮೇಲೇ ಮತ್ತೆ ಹುಲ್ಲು ಹಾಕುತ್ತಿದ್ದರು.

ಪೋಸ್ಟಿನವರು ಬಂದದ್ದು ಆಗ. ಬಾಗಿಲಲ್ಲಿ ಕೂತಿದ್ದ ವಿರೂಪಾಕ್ಷಪ್ಪನವರೇ ಲಕೋಟೆ ಇಸಿದುಕೊಂಡು, ಒಡೆದು, ಗಟ್ಟಿಯಾಗಿ ಓದಿದರು. "ಶ್ರೀಮತಿ ರುದ್ರಾಣಿ ಕೋಂ ದಿವಂಗತ ಮಹೇಶ್ವರಪ್ಪ, ಇವರನ್ನು ಬಸವಾಪಟ್ಟಣದ ಅಂಗನವಾಡಿ ಕಾರ್ಯಕರ್ತೆಯಾಗಿ ನೇಮಕ ಮಾಡಲಾಗಿದೆ." ಓದಿ ಮುಗಿಸಿ ಅವರು ಇನ್ನೊಂದು ಸಲ ತಮ್ಮಷ್ಟಕ್ಕೆ ಓದಿಕೊಂಡರು.

"ಮತ್ತೆ ನಾನು ಬರ್ತೀನಿ ಬೀಗರೆ" ಎಂದರು ಆಮೇಲೆ. "ಸರ್ಕಾರದ ಕೆಲ್ಸ, ಬಿಡಾಕೆ ಆಗ್ತೈತಾ? ಮನೇಲಿ ಬೇರೆ ಯಾರನ್ನಾರ ನೋಡ್ಕಂತೀನಿ." ಎದ್ದು, ಕೈಚೀಲವನ್ನು ತಾವೇ ಒಳಗೆ ತಂದು ಗೂಟಕ್ಕೆ ನೇತುಹಾಕಿದರು. ಹೇಳಿದೆನಲ್ಲ, ಕೆಟ್ಟವರಲ್ಲ.

ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಕೊಟ್ಟಿಗೆಯಿಂದ ಬಂದರು. ಅವ್ವ ಬೆಲ್ಲದ ಡಬ್ಬಿಗೆ ಕೈ ಹಾಕಿದಳು. ಅತ್ತಿಗೆ ಇದ್ದಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು ಇಳಿಯುತ್ತಿದೆ, ಬಾಯಿ ನಗುತ್ತಿದೆ. ಎಷ್ಟೋ ತಿಂಗಳಿಂದ ಎದೆಯ ಮೇಲಿದ್ದ ಕಲ್ಲು ಇಳಿದ ಹಾಗಾಗಿ ನಾನು ಗೋಡೆಗೆ ಒರಗಿದೆ. ನಮ್ಮ ನಡುವೆ ಹಾಲಮ್ಮ ನಿಂತಿದ್ದಳು. ಗೂಟದ ಮೇಲಿನ ಚೀಲ ನೋಡಿದಳು, ತಾತನ ಮುಖ ನೋಡಿದಳು, ಅಜ್ಜಿಯ ಕೈಯಲ್ಲಿದ್ದ ಬೆಲ್ಲ ನೋಡಿದಳು, ಕೊನೆಗೆ ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು.

"ನೇಮಕ ಅಂದ್ರೆ ಏನು ಗೊತ್ತೇನೇ ಹಾಲಿ?" ಎಂದೆ ನಾನು.

"ಅವ್ವ ಹೋಗಲ್ಲ ಅಂತ" ಎಂದಳು.

ಕೈಗೆ ಸುತ್ತಿದ್ದ ಸೆರಗನ್ನು ಒಂದು ಸುತ್ತು ಬಿಚ್ಚಿದಳು, ಇನ್ನೊಂದು ಸುತ್ತನ್ನೂ ಬಿಚ್ಚಿದಳು. ಆಮೇಲೆ ಅಜ್ಜಿಯ ಹತ್ತಿರ ಹೋಗಿ, ಬೆಲ್ಲಕ್ಕೆ ಎರಡೂ ಕೈ ಒಡ್ಡಿದಳು.